ಐವತ್ತಮೂರನೆಯ ಹೆಸರು



ಇತಿಹಾಸದ ಮೇಷ್ಟ್ರು ಮಂಜುಗಡ್ಡೆಯ ಮೇಲಿನ ಆಟದ ಬಗ್ಗೆ ಬರೆಯಲು ಹೊರಟಿದ್ದಾರೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಬರಲಿ. ಮಗಳ ಮನೆ ಇರುವುದು ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಚಳಿಗಾಲದಲ್ಲಿ ಅಲ್ಲಿಗೆ ಹೋದವನಿಗೆ ಹೊರಗೆ ಕಾಲಿಡುವುದೇ ಕಷ್ಟ. ಸಂಜೆಯಾಯಿತೆಂದರೆ ಅಳಿಯ ಮತ್ತು ಮೊಮ್ಮಗನ ಜೊತೆಗೆ ಐಸ್ ಹಾಕಿ ನೋಡುವುದೊಂದೇ ಕೆಲಸ. ಮೊದಲ ಕೆಲವು ದಿನ ನನಗೆ ಕಂಡದ್ದು ಗದ್ದಲ ಮಾತ್ರ. ಒಂದು ಸಂಜೆ ಅಳಿಯ 1997ರ ಹಳೆಯ ಪಂದ್ಯವೊಂದನ್ನು ಹಾಕಿ, "ಮಾವ, ನೀವು ಪಕ್ ನೋಡ್ತಿದ್ದೀರಿ, ಅದನ್ನ ಬಿಡಿ. ಐದನೇ ನಂಬರಿನವನನ್ನ ಮಾತ್ರ ನೋಡ್ತಾ ಇರಿ" ಎಂದರು. ನೋಡಿದೆ. ಆ ಐದನೆಯ ನಂಬರಿನವನ ಕಥೆಯನ್ನು ಹುಡುಕಿ ಓದುತ್ತಾ ಹೋದಂತೆ, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಅಂಕ ಹಾಕಿದ ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟದ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಒಂದೊಂದು ತಂಡದಿಂದ ಆರು ಜನ ಮಂಜಿನ ಮೇಲಿರುತ್ತಾರೆ. ಗೋಲಿನ ಮುಂದೆ ಒಬ್ಬ, ದಾಳಿಗೆ ಮೂವರು, ರಕ್ಷಣೆಗೆ ಇಬ್ಬರು. ಚೆಂಡಿನ ಬದಲು ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಕೊಡಗಿನ ಕಡೆಯ ನನ್ನ ವಿದ್ಯಾರ್ಥಿಗಳಿಗೆ ಹಾಕಿಯ ಫುಲ್‌ಬ್ಯಾಕ್ ಎಂದರೆ ಯಾರು ಎಂದು ವಿವರಿಸಬೇಕಾಗಿಲ್ಲ. ಈ ರಕ್ಷಣಾ ಆಟಗಾರನೂ ಅದೇ ಜಾತಿಯವನು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಎದುರಾಳಿ ವೇಗವಾಗಿ ನುಗ್ಗಿ ಬರುವಾಗ ಇವನು ಅವನಿಗೆ ಮುಖಕೊಟ್ಟುಕೊಂಡೇ ಹಿಂದಕ್ಕೆ ಜಾರಬೇಕು. ಇಬ್ಬರ ನಡುವಣ ಅಂತರ ಹೆಚ್ಚಾದರೆ ಅವನು ಗೋಲಿಗೆ ಹೊಡೆಯುತ್ತಾನೆ, ಕಡಿಮೆಯಾದರೆ ಪಕ್ಕದಿಂದ ನುಸುಳಿ ಹೋಗುತ್ತಾನೆ. ಅಂತರವನ್ನು ಸರಿಯಾಗಿ ಇಟ್ಟುಕೊಂಡು, ಅವನನ್ನು ಮೆಲ್ಲಗೆ ಗೋಡೆಯ ಕಡೆಗೆ ಸರಿಸಿ, ಕೋಲಿನ ತುದಿಯಿಂದ ಬಿಲ್ಲೆಯನ್ನು ತಪ್ಪಿಸಿಬಿಟ್ಟರೆ ಕೆಲಸ ಮುಗಿಯಿತು. ನೋಡುವವರಿಗೆ ಅಲ್ಲಿ ಏನೂ ನಡೆದಂತೆಯೇ ಕಾಣುವುದಿಲ್ಲ! ಗೋಲು ಹೊಡೆದವನ ಲೆಕ್ಕವನ್ನು ಪತ್ರಿಕೆಯವರು ಬರೆದುಕೊಳ್ಳುತ್ತಾರೆ, ಆಗದೆ ಹೋದ ಗೋಲಿನ ಲೆಕ್ಕವನ್ನು ಯಾರು ಬರೆಯಬೇಕು?

ಇನ್ನು ಡ್ರಾಫ್ಟ್ ಎಂಬ ಪದ್ಧತಿ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಹದಿನೆಂಟು-ಹತ್ತೊಂಬತ್ತರ ಹುಡುಗರ ಹೆಸರುಗಳನ್ನು ಸರದಿಯಂತೆ ಹೇಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಹೆಸರು ಹೇಳಿದ ತಂಡಕ್ಕೆ ಆ ಹುಡುಗನನ್ನು ಸೇರಿಸಿಕೊಳ್ಳುವ ಹಕ್ಕು ಸಿಗುತ್ತದೆ. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಇದು ಮೊದಲ ಬಾರಿಗೆ ನಡೆದಾಗ ಆಯ್ಕೆಯಾದವರು ಇಪ್ಪತ್ತೊಂದೇ ಜನ. ಅದಕ್ಕೆ ಮುಂಚೆ ತಂಡಗಳು ಊರೂರಿಗೆ ಜನರನ್ನು ಕಳಿಸಿ ಚಿಕ್ಕ ಮಕ್ಕಳಿಂದಲೇ ಸಹಿ ಹಾಕಿಸಿಕೊಳ್ಳುತ್ತಿದ್ದವು. 1961ರಲ್ಲಿ ಕೆನಡಾದ ಗ್ಯಾನನೋಕ್ವಿ ಎಂಬ ಸಣ್ಣ ಊರಿಗೆ ಬಾಸ್ಟನ್ ತಂಡದವರು ಬೇರೆ ಯಾರೋ ಇಬ್ಬರು ಹುಡುಗರನ್ನು ನೋಡಲು ಬಂದಿದ್ದರು. ಅವರ ಕಣ್ಣಿಗೆ ಬಿದ್ದವನು ಎದುರು ತಂಡದಲ್ಲಿದ್ದ, ಹನ್ನೆರಡು-ಹದಿಮೂರು ವಯಸ್ಸಿನ ಬಾಬಿ ಓರ್. ರಕ್ಷಣೆಯಲ್ಲಿದ್ದುಕೊಂಡೇ ಇಡೀ ಅಂಗಳವನ್ನು ಆಳುತ್ತಿದ್ದ ಆ ಬಾಲಕನನ್ನು ಕಂಡ ಮೇಲೆ ಅವರು ಬಂದ ಕೆಲಸವನ್ನೇ ಮರೆತರು. ಮುಂದೆ 1968ರಿಂದ 1975ರವರೆಗೆ ಸತತ ಎಂಟು ವರ್ಷ ಶ್ರೇಷ್ಠ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಅವನ ಪಾಲಾಯಿತು. ಅಂಥವನನ್ನು ಗುರುತಿಸುವುದು ಏನು ಮಹಾ! ನಮ್ಮ ತರಗತಿಗಳಲ್ಲಿಯೂ ಹತ್ತು ವರ್ಷಕ್ಕೊಮ್ಮೆ ಅಂಥ ಮಗು ಬರುತ್ತದೆ, ಶಾಲೆಯ ಜವಾನನಿಗೂ ಅದು ಗೊತ್ತಾಗುತ್ತದೆ. ಕಷ್ಟವಿರುವುದು ಉಳಿದವರನ್ನು ಗುರುತಿಸುವುದರಲ್ಲಿ.

1989ರ ಜೂನ್ 17ರಂದು ಮಿನ್ನೆಸೋಟದ ಬ್ಲೂಮಿಂಗ್‌ಟನ್‌ನಲ್ಲಿ ಡ್ರಾಫ್ಟ್ ನಡೆಯಿತು. ಹನ್ನೆರಡು ಸುತ್ತು, 252 ಹೆಸರು. ಮೊದಲ ಹೆಸರು ಸ್ವೀಡನ್ನಿನ ಮ್ಯಾಟ್ಸ್ ಸುಂಡಿನ್. ಯುರೋಪಿನ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಆಯ್ಕೆಯಾದದ್ದು ಅದೇ ಮೊದಲು. ಆ ಆಯ್ಕೆ ತಪ್ಪಾಗಲಿಲ್ಲ. ಆದರೆ ಆ ಮೊದಲ ಸುತ್ತಿನಲ್ಲೇ ಆಯ್ಕೆಯಾದ ರಕ್ಷಣಾ ಆಟಗಾರರ ಸಾಲನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಎಂಟನೆಯವನಾಗಿ ಆಯ್ಕೆಯಾದ ರಕ್ಷಣಾ ಆಟಗಾರ ಆ ಲೀಗಿನಲ್ಲಿ ತನ್ನ ಜೀವಮಾನದಲ್ಲಿ ಆಡಿದ್ದು ಒಂದೇ ಒಂದು ಪಂದ್ಯ. ಹದಿನೈದನೆಯವನಿಗೆ ಆ ಒಂದೂ ಸಿಗಲಿಲ್ಲ. ಹೆಸರು ಬೇಡ, ಅವರು ಮಾಡಿದ ತಪ್ಪೇನೂ ಇಲ್ಲ. ಹೆಸರು ಹೇಳಿದವರೇನೂ ದಡ್ಡರಲ್ಲ. ವರ್ಷವಿಡೀ ಚಳಿಯಲ್ಲಿ ಅಂಗಳದಿಂದ ಅಂಗಳಕ್ಕೆ ಅಲೆದು, ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡವರು.

ಡೆಟ್ರಾಯಿಟ್‌ನ ರೆಡ್ ವಿಂಗ್ಸ್ ತಂಡಕ್ಕೆ ಪ್ರತಿ ಸುತ್ತಿನಲ್ಲೂ ಹನ್ನೊಂದನೆಯ ಸರದಿ. 1955ರಿಂದ ಆ ಊರಿಗೆ ಸ್ಟಾನ್ಲಿ ಕಪ್ ಬಂದಿರಲಿಲ್ಲ. ಜಿಮ್ ಡೆವೆಲಾನೊ ಎಂಬವರು ಅದರ ವ್ಯವಸ್ಥಾಪಕರು. ಅವರ ಪರವಾಗಿ ಸ್ವೀಡನ್ನಿನಲ್ಲಿ ಹುಡುಗರನ್ನು ನೋಡುತ್ತಿದ್ದವರು ಕ್ರಿಸ್ಟರ್ ರೋಕ್‌ಸ್ಟ್ರೋಮ್. ವೆಸ್ಟೆರೋಸ್ ಎಂಬ ಊರಿನ ತಂಡದಲ್ಲಿ, ಹಿರಿಯರ ಜೊತೆ ಆಗೊಮ್ಮೆ ಈಗೊಮ್ಮೆ ಆಡುತ್ತಿದ್ದ ಹತ್ತೊಂಬತ್ತರ ಹುಡುಗನೊಬ್ಬನ ಬಗ್ಗೆ ಅವರು ಒಳ್ಳೆಯ ಮಾತು ಕಳಿಸಿದ್ದರು. ಅವನೇ ನಿಕ್ಲಾಸ್ ಲಿಡ್‌ಸ್ಟ್ರೋಮ್. ಆ ಋತುವಿನಲ್ಲಿ ಅವನು ಒಂದೇ ಒಂದು ಗೋಲನ್ನೂ ಹೊಡೆದಿರಲಿಲ್ಲ. ದೈತ್ಯನಲ್ಲ, ಎದುರಾಳಿಯನ್ನು ಗೋಡೆಗೆ ಅಪ್ಪಳಿಸುವವನೂ ಅಲ್ಲ. ಟಿಪ್ಪಣಿಯ ಪುಸ್ತಕದಲ್ಲಿ ಬರೆಯಲು ಏನಿದೆ, ಹೇಳಿ?

ಆಗಿನ ನಿಯಮವೊಂದು ಇಲ್ಲಿ ಸಹಾಯಕ್ಕೆ ಬಂತು. ಸಾಕಷ್ಟು ಅನುಭವವಿಲ್ಲದ ಹದಿನೆಂಟು-ಹತ್ತೊಂಬತ್ತರ ಆಟಗಾರರನ್ನು ಮೊದಲ ಮೂರು ಸುತ್ತುಗಳಲ್ಲಿ ಮಾತ್ರ ಆರಿಸಬಹುದಾಗಿತ್ತು. ಆದ್ದರಿಂದ ಅಷ್ಟಾಗಿ ಹೆಸರು ಕೇಳಿರದ ವಿದೇಶಿ ಹುಡುಗನ ಮೇಲೆ ಬೆಲೆಬಾಳುವ ಮೊದಲ ಸರದಿಗಳನ್ನು ಖರ್ಚುಮಾಡಲು ಹೆಚ್ಚಿನವರು ಹಿಂಜರಿಯುತ್ತಿದ್ದರು. ನೋಡೋಣ, ಮುಂದಿನ ವರ್ಷ ಬಲಿತ ಮೇಲೆ ತೆಗೆದುಕೊಳ್ಳೋಣ ಎಂಬ ಲೆಕ್ಕ. ಮುಂದಿನ ವರ್ಷ ಇವನು ಎಲ್ಲರಿಗೂ ಗೊತ್ತಾಗಿಬಿಡುತ್ತಾನೆ ಎಂಬುದು ಡೆಟ್ರಾಯಿಟ್‌ನವರ ಲೆಕ್ಕ. ಮೂರನೆಯ ಸುತ್ತಿನಲ್ಲಿ, ಐವತ್ತಮೂರನೆಯ ಹೆಸರಾಗಿ ಲಿಡ್‌ಸ್ಟ್ರೋಮ್‌ನನ್ನು ಕೂಗಿದರು. ಅಷ್ಟು ಹೊತ್ತಿಗೆ ಡೆಟ್ರಾಯಿಟ್‌ನವರೂ ಸೇರಿದಂತೆ ಎಲ್ಲ ತಂಡಗಳೂ ಅವನನ್ನು ಬಿಟ್ಟು ಮುಂದೆ ಹೋಗಿದ್ದವು ಎಂಬುದನ್ನು ಮರೆಯಬಾರದು. ಗೆದ್ದವರನ್ನು ಸರ್ವಜ್ಞರೆಂದು ಕರೆಯುವ ಚಾಳಿ ಇತಿಹಾಸ ಬರೆಯುವವರಿಗೆ ಇದೆ. ಇವರೂ ಅವನನ್ನು ಮೊದಲು ಕೂಗಲಿಲ್ಲ!

ಹೆಸರು ಕೂಗಿದ ಮೇಲೆ ಅವರು ಮಾಡಿದ ಕೆಲಸ ನನಗೆ ಹೆಚ್ಚು ಮೆಚ್ಚುಗೆಯಾಯಿತು. ಅವನನ್ನು ಕೂಡಲೇ ಕರೆತರಲಿಲ್ಲ. ಎರಡು ವರ್ಷ ಅವನ ಊರಲ್ಲೇ, ಅವನ ಭಾಷೆಯವರ ನಡುವೆಯೇ ಆಡಲು ಬಿಟ್ಟರು. 1991ರಲ್ಲಿ ಸ್ವೀಡನ್ ವಿಶ್ವ ಚಾಂಪಿಯನ್ ಆದಾಗ ಅವನು ಆ ತಂಡದಲ್ಲಿದ್ದ. ಅದೇ ವರ್ಷದ ಶರತ್ಕಾಲದಲ್ಲಿ ಡೆಟ್ರಾಯಿಟ್‌ಗೆ ಬಂದವನಿಗೆ ಜೊತೆಯಾಗಿ ನಿಲ್ಲಿಸಿದ್ದು ಬ್ರ್ಯಾಡ್ ಮೆಕ್ರಿಮನ್ ಎಂಬ ಹಳಬನನ್ನು. ಅವನು ಹಿಂದೆ ಉಳಿದು ಕಾವಲು ಕಾಯುತ್ತಿದ್ದರೆ ಇವನು ಧೈರ್ಯವಾಗಿ ಮುಂದೆ ಹೋಗಬಹುದಿತ್ತು. ನಮ್ಮ ರೈತರು ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರಲ್ಲ, ಹಾಗೆ. ಮೊದಲ ವರ್ಷವೇ 80 ಪಂದ್ಯಗಳಲ್ಲಿ 11 ಗೋಲು, 49 ಗೋಲುಗಳಿಗೆ ನೆರವು. ಹೊಸಬರ ಪ್ರಶಸ್ತಿಯಲ್ಲಿ ಪಾವೆಲ್ ಬುರೆ ಎಂಬ ಮಿಂಚಿನಂಥ ರಷ್ಯನ್ ಆಟಗಾರನ ನಂತರ ಎರಡನೆಯ ಸ್ಥಾನ. (ಆ ಮೆಕ್ರಿಮನ್, ಮುಂದೆ ತರಬೇತುದಾರನಾಗಿ, 2011ರ ಸೆಪ್ಟೆಂಬರಿನಲ್ಲಿ ರಷ್ಯಾದ ಯಾರೊಸ್ಲಾವ್ಲ್ ತಂಡದ ವಿಮಾನ ಅಪಘಾತದಲ್ಲಿ ತೀರಿಕೊಂಡರು.)

ಇಲ್ಲಿ ಸ್ವಲ್ಪ ನಿಂತು, ನನ್ನ ಪುಸ್ತಕದ ಒಂದು ಟಿಪ್ಪಣಿಯನ್ನೂ ಹೇಳಿಬಿಡಬೇಕು. ಎಂಬತ್ತರ ದಶಕದ ಮಾತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನ ತಂದೆ ಶಾಲೆಯ ಜಗುಲಿಯ ಕೆಳಗೇ ನಿಂತು, "ಮೇಷ್ಟ್ರೇ, ನಮ್ ಹುಡುಗನ ತಲೆಗೆ ಓದು ಹತ್ತುತ್ತಾ? ಮುಂದಕ್ಕೆ ಕಳಿಸ್ಲಾ, ಇಲ್ಲ ಕೆಲಸಕ್ಕೆ ಹಾಕ್ಲಾ?" ಎಂದು ಕೇಳಿದರು. ಆ ಹುಡುಗ ಮೂರು ವರ್ಷ ನನ್ನ ತರಗತಿಯಲ್ಲಿದ್ದ. ಎಂದೂ ಕೈ ಎತ್ತಿದವನಲ್ಲ. ಎಂದೂ ತಪ್ಪು ಉತ್ತರ ಹೇಳಿದವನೂ ಅಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವನ ಹೆಸರಿನ ಮುಂದೆ ವರ್ಷವರ್ಷವೂ "ಸಾಧಾರಣ" ಎಂದು ಬರೆದಿದ್ದೆ. ತಂದೆಗೂ ಅದನ್ನೇ ಹೇಳಿದೆ. ಅರ್ಧ ನಿಮಿಷದ ಮಾತು. ಅವರು ಕೈಮುಗಿದು ಹೋದರು. ಹುಡುಗ ದಿನಸಿ ಅಂಗಡಿಯೊಂದಕ್ಕೆ ಲೆಕ್ಕ ಬರೆಯಲು ಸೇರಿದ. ಐದಾರು ವರ್ಷಗಳ ನಂತರ ತಾನೇ ಕಟ್ಟಿಕೊಂಡು ಪರೀಕ್ಷೆ ಬರೆದು, ಅಂಚೆಯ ಮೂಲಕ ಪದವಿ ಮುಗಿಸಿ, ಇಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾನೆ. ನನ್ನ ನಿವೃತ್ತಿಯ ದಿನ ಹಾರ ಹಿಡಿದುಕೊಂಡು ಬಂದಿದ್ದ. ಆ ಐದಾರು ವರ್ಷಗಳ ಮಾತನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇದನ್ನು ಅವನು ಓದುತ್ತಾನೆಂದು ಗೊತ್ತಿದ್ದೇ ಬರೆದಿದ್ದೇನೆ.

ಈಗ ಅಳಿಯ ತೋರಿಸಿದ ಆ ಹಳೆಯ ಪಂದ್ಯಕ್ಕೆ ಬರೋಣ. 1997ರ ಅಂತಿಮ ಸರಣಿಯಲ್ಲಿ ಡೆಟ್ರಾಯಿಟ್‌ನ ಎದುರಾಳಿ ಫಿಲಡೆಲ್ಫಿಯಾ. ಅವರ ನಾಯಕ ಎರಿಕ್ ಲಿಂಡ್ರೋಸ್, 1991ರ ಡ್ರಾಫ್ಟಿನ ಮೊದಲ ಹೆಸರು. ಆರಡಿ ನಾಲ್ಕಂಗುಲದ ಆಳು; ಡಿಕ್ಕಿ ಹೊಡೆದರೆ ಎದುರಿನವನು ಏಳುವುದು ಅನುಮಾನ. ಅವನನ್ನು ತಡೆಯಲು ಡೆಟ್ರಾಯಿಟ್‌ನ ತರಬೇತುದಾರ ಸ್ಕಾಟಿ ಬೌಮನ್ ತಮ್ಮ ತಂಡದ ಅತ್ಯಂತ ಒರಟು ರಕ್ಷಕ ವ್ಲಾದಿಮಿರ್ ಕಾನ್‌ಸ್ಟಾಂಟಿನೋವ್‌ನನ್ನು ಬಿಡುತ್ತಾರೆಂದೇ ಎಲ್ಲರೂ ಎಣಿಸಿದ್ದರು. ಬಲಕ್ಕೆ ಬಲ! ಬೌಮನ್ ಹಾಗೆ ಮಾಡಲಿಲ್ಲ. ಲಿಡ್‌ಸ್ಟ್ರೋಮ್ ಮತ್ತು ಲ್ಯಾರಿ ಮರ್ಫಿ ಎಂಬ ಇಬ್ಬರು ಸೌಮ್ಯರನ್ನು ಅವನ ಎದುರು ನಿಲ್ಲಿಸಿದರು. ಆ ಮರ್ಫಿ ಕೆಲವೇ ತಿಂಗಳ ಹಿಂದೆ ಟೊರಾಂಟೊದಲ್ಲಿ ತನ್ನದೇ ತಂಡದ ಅಭಿಮಾನಿಗಳ ಛೀಮಾರಿಗೆ ಗುರಿಯಾಗಿದ್ದವನು.

ನಾನು ಐದನೆಯ ನಂಬರನ್ನೇ ನೋಡುತ್ತಾ ಕುಳಿತೆ. ಲಿಂಡ್ರೋಸ್ ಗುದ್ದಲು ಬರುವಾಗ ಅಲ್ಲಿ ಗುದ್ದಿಸಿಕೊಳ್ಳುವವನೇ ಇರುತ್ತಿರಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದಿರುತ್ತಿದ್ದ, ಆದರೆ ಕೋಲು ಮಾತ್ರ ಬಿಲ್ಲೆಯ ದಾರಿಯಲ್ಲಿ ಚಾಚಿಕೊಂಡಿರುತ್ತಿತ್ತು. ಬಿಲ್ಲೆ ಸಿಕ್ಕ ಕ್ಷಣವೇ ಅದನ್ನು ಮರ್ಫಿಗೋ ಮುಂದಿನವನಿಗೋ ಒಪ್ಪಿಸಿ ಸುಮ್ಮನಾಗುತ್ತಿದ್ದ. ಓಡಾಟವಿಲ್ಲ, ಗಡಿಬಿಡಿಯಿಲ್ಲ. ಮುಂದೆ ಆಗುವುದನ್ನು ಮೊದಲೇ ಓದಿಕೊಂಡು ಬಂದ ವಿದ್ಯಾರ್ಥಿಯ ಹಾಗೆ! ನಾಲ್ಕು ಪಂದ್ಯಗಳಲ್ಲಿ ನಾಲ್ಕನ್ನೂ ಡೆಟ್ರಾಯಿಟ್ ಗೆದ್ದಿತು. ಲಿಂಡ್ರೋಸ್‌ಗೆ ಸಿಕ್ಕಿದ್ದು ಒಂದೇ ಗೋಲು, ಅದೂ ಕೊನೆಯ ಪಂದ್ಯದ ಕೊನೆಯ ಕೆಲವು ಸೆಕೆಂಡುಗಳಲ್ಲಿ. ಜೂನ್ 7ರಂದು, ನಲವತ್ತೆರಡು ವರ್ಷಗಳ ನಂತರ, ಕಪ್ ಊರಿಗೆ ಬಂತು.

ಇಷ್ಟಾದರೂ ಜಗತ್ತು ಅವನ ಹೆಸರಿನ ಮುಂದೆ "ಅತ್ಯುತ್ತಮ" ಎಂದು ಬರೆಯಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 1998, 1999, 2000 – ಈ ಮೂರು ವರ್ಷವೂ ನಾರಿಸ್ ಟ್ರೋಫಿಯ ಮತಗಳಲ್ಲಿ ಅವನು ಎರಡನೆಯವನು. ಮೊದಲ ಬಾರಿಗೆ ಅದು ಕೈಗೆ ಬಂದಾಗ, 2001ರಲ್ಲಿ, ಅವನಿಗೆ ಮೂವತ್ತೊಂದು ವಯಸ್ಸು. ಬಾಬಿ ಓರ್ ಮೊಣಕಾಲಿನ ನೋವಿನಿಂದ ಆಟವನ್ನೇ ಬಿಟ್ಟದ್ದು ಮೂವತ್ತರಲ್ಲಿ! ಆಮೇಲೆ ಇವನಿಗೆ 2002, 2003, 2006, 2007, 2008ರಲ್ಲಿಯೂ, ಕೊನೆಗೆ ನಲವತ್ತೊಂದನೆಯ ವಯಸ್ಸಿನಲ್ಲಿ, 2011ರಲ್ಲಿಯೂ ಅದೇ ಪ್ರಶಸ್ತಿ. ಒಟ್ಟು ಏಳು. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡ್ ವಿರುದ್ಧ ಸ್ವೀಡನ್ನಿಗೆ ಚಿನ್ನ ತಂದ ಗೋಲು ಅವನದು. 2008ರಲ್ಲಿ ಸ್ಟಾನ್ಲಿ ಕಪ್ ಎತ್ತಿದ, ಯುರೋಪಿನಲ್ಲಿ ಹುಟ್ಟಿ ಅಲ್ಲಿಯೇ ಪಳಗಿದ ಮೊದಲ ನಾಯಕ ಅವನು. ಇಪ್ಪತ್ತು ಋತು, 1564 ಪಂದ್ಯ, ಎಲ್ಲವೂ ಒಂದೇ ತಂಡಕ್ಕೆ. 2012ರ ಮೇ 31ರಂದು ನಿವೃತ್ತನಾದ. ಐದನೆಯ ನಂಬರಿನ ಅಂಗಿಯನ್ನು 2014ರ ಮಾರ್ಚಿನಿಂದ ಆ ತಂಡದಲ್ಲಿ ಮತ್ತಾರಿಗೂ ಕೊಡುವುದಿಲ್ಲ.

ಹೆಸರು ಕೂಗುವುದು ಬೇರೆ, ಕಾಯುವುದು ಬೇರೆ ಎಂಬುದಕ್ಕೆ ಇನ್ನೊಬ್ಬನನ್ನು ಹೇಳುತ್ತೇನೆ. ಸ್ಲೊವಾಕಿಯಾದ ಟ್ರೆಂಚಿನ್ ಊರಿನ ಜ್ಡೆನೊ ಹಾರಾ, ಆರಡಿ ಒಂಬತ್ತಂಗುಲದ ಹುಡುಗ. ಈ ಎತ್ತರಕ್ಕೆ ಬ್ಯಾಸ್ಕೆಟ್‌ಬಾಲ್ ಆಡಬೇಕಿತ್ತು ಎಂದು ಹಂಗಿಸಿದವರೇ ಹೆಚ್ಚು. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ 1996ರಲ್ಲಿ ಐವತ್ತಾರನೆಯವನಾಗಿ ಅವನನ್ನು ಆರಿಸಿತು. ಗುರುತಿಸಿದ್ದು ಸರಿಯಾಗಿಯೇ ಇತ್ತು. ಆದರೆ ಐದು ವರ್ಷಗಳ ಬಳಿಕ, 2001ರಲ್ಲಿ, ಅಲೆಕ್ಸಿ ಯಾಶಿನ್ ಎಂಬ ಪ್ರಸಿದ್ಧ ಆಟಗಾರನನ್ನು ಪಡೆಯುವ ಅವಸರದಲ್ಲಿ ಅವನನ್ನು ಒಟ್ಟಾವಾಕ್ಕೆ ಕೊಟ್ಟುಬಿಟ್ಟಿತು, ಮೇಲೊಂದು ಮೊದಲ ಸುತ್ತಿನ ಸರದಿಯನ್ನೂ ಸೇರಿಸಿ. ಹಾರಾ ಮುಂದೆ ಬಾಸ್ಟನ್‌ನ ನಾಯಕನಾದ, 2009ರಲ್ಲಿ ನಾರಿಸ್ ಪಡೆದ, 2011ರಲ್ಲಿ ಕಪ್ ಎತ್ತಿದ. 2022ರಲ್ಲಿ ನಿವೃತ್ತನಾಗುವ ಹೊತ್ತಿಗೆ 1680 ಪಂದ್ಯ ಆಡಿದ್ದ. ರಕ್ಷಣಾ ಆಟಗಾರನೊಬ್ಬನಿಗೆ ಅದೇ ದಾಖಲೆ. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

1989ರ ಡೆಟ್ರಾಯಿಟ್ ಪಟ್ಟಿಗೇ ಮರಳುತ್ತೇನೆ. ನಾಲ್ಕನೆಯ ಸುತ್ತಿನಲ್ಲಿ, ಎಪ್ಪತ್ತನಾಲ್ಕನೆಯ ಹೆಸರಾಗಿ ಅವರು ಸೆರ್ಗೆಯ್ ಫೆದರೋವ್‌ನನ್ನು ಕೂಗಿದರು. ಅವನೂ ಮಹಾನ್ ಆಟಗಾರನಾದ. ಬಹಳ ಕೆಳಗೆ, ಹನ್ನೊಂದನೆಯ ಸುತ್ತಿನಲ್ಲಿ, ಹೆಚ್ಚಿನವರು ಎದ್ದುಹೋಗುವ ಹೊತ್ತಿನಲ್ಲಿ, 221ನೆಯ ಹೆಸರು – ವ್ಲಾದಿಮಿರ್ ಕಾನ್‌ಸ್ಟಾಂಟಿನೋವ್. ಮೇಲೆ ಹೇಳಿದ ಆ ಒರಟು ರಕ್ಷಕ. ಸೋವಿಯತ್ ಸೇನಾ ತಂಡದವನು; ಅಲ್ಲಿಂದ ಹೊರಬರುತ್ತಾನೆಂಬ ಭರವಸೆ ಯಾರಿಗೂ ಇರಲಿಲ್ಲ. 1991ರಲ್ಲಿ ಅವನೂ ಬಂದ. ಆ ಋತುವಿನ ಶ್ರೇಷ್ಠ ಹೊಸಬರ ತಂಡದ ಇಬ್ಬರು ರಕ್ಷಕರು ಅವನು ಮತ್ತು ಲಿಡ್‌ಸ್ಟ್ರೋಮ್: 221ನೆಯವನು ಮತ್ತು 53ನೆಯವನು. 1997ರಲ್ಲಿ ನಾರಿಸ್ ಮತಗಳಲ್ಲಿ ಎರಡನೆಯ ಸ್ಥಾನಕ್ಕೆ ಬಂದವನು ಲಿಡ್‌ಸ್ಟ್ರೋಮ್ ಅಲ್ಲ, ಕಾನ್‌ಸ್ಟಾಂಟಿನೋವ್. ಅಂದು ಇಬ್ಬರಲ್ಲಿ ಯಾರು ಹೆಚ್ಚೆಂದು ಕೇಳಿದ್ದರೆ ಹಲವರು ಅವನ ಕಡೆಗೇ ಬೆರಳು ತೋರಿಸುತ್ತಿದ್ದರು.

ಕಪ್ ಗೆದ್ದು ಆರೇ ದಿನ. ಜೂನ್ 13ರಂದು ತಂಡದ ಸಂತೋಷಕೂಟದಿಂದ ಹಿಂದಿರುಗುವಾಗ ಅವನಿದ್ದ ಬಾಡಿಗೆ ಕಾರು ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ಜೊತೆಯಲ್ಲಿದ್ದ ವ್ಯಾಚೆಸ್ಲಾವ್ ಫೆಟಿಸೋವ್ ಹೆಚ್ಚಿನ ಗಾಯವಿಲ್ಲದೆ ಪಾರಾದ; ತಂಡದ ಅಂಗಮರ್ದಕ ಸೆರ್ಗೆಯ್ ಮ್ನಾತ್ಸಕಾನೋವ್ ಮತ್ತು ಕಾನ್‌ಸ್ಟಾಂಟಿನೋವ್ ಇಬ್ಬರಿಗೂ ತಲೆಗೆ ತೀವ್ರ ಪೆಟ್ಟಾಯಿತು. ಕಾನ್‌ಸ್ಟಾಂಟಿನೋವ್‌ಗೆ ಆಗ ಮೂವತ್ತು ವಯಸ್ಸು. ಅವನು ಮತ್ತೆಂದೂ ಆಡಲಿಲ್ಲ. 446 ಪಂದ್ಯಕ್ಕೆ ಅವನ ಲೆಕ್ಕ ನಿಂತಿತು.

ಮರುವರ್ಷ ಡೆಟ್ರಾಯಿಟ್ ತಂಡದವರು ಅಂಗಿಯ ಮೇಲೆ ಇಂಗ್ಲಿಷಿನಲ್ಲಿಯೂ ರಷ್ಯನ್ನಿನಲ್ಲಿಯೂ "ನಂಬು" ಎಂಬ ಪದವನ್ನು ಹೊಲಿಸಿಕೊಂಡು ಆಡಿದರು. 1998ರ ಜೂನ್ 16ರಂದು ವಾಷಿಂಗ್‌ಟನ್‌ನಲ್ಲಿ ಮತ್ತೆ ಕಪ್ ಗೆದ್ದರು. ಆ ರಾತ್ರಿಯ ಚಿತ್ರವನ್ನೂ ಅಳಿಯ ತೋರಿಸಿದರು. ಕಾನ್‌ಸ್ಟಾಂಟಿನೋವ್‌ನನ್ನು ಗಾಲಿಕುರ್ಚಿಯಲ್ಲಿ ಮಂಜಿನ ಮೇಲಕ್ಕೆ ಕರೆತಂದಿದ್ದಾರೆ. ನಾಯಕ ಸ್ಟೀವ್ ಐಜರ್‌ಮನ್ ಕಪ್ಪನ್ನು ತಂದು ಅವನ ಮಡಿಲಿಗೆ ಇಡುತ್ತಾನೆ. ಆಟಗಾರರು ಸುತ್ತ ಸೇರಿ ಕುರ್ಚಿಯನ್ನು ತಳ್ಳಿಕೊಂಡು ಅಂಗಳವನ್ನು ಸುತ್ತುತ್ತಾರೆ. ನಾನು ಅಲ್ಲಿಯೂ ಐದನೆಯ ನಂಬರನ್ನು ಹುಡುಕಿದೆ. ಅಷ್ಟು ಜನರ ನಡುವೆ ಅವನು ಎಲ್ಲಿದ್ದನೋ, ಕಣ್ಣಿಗೆ ಬೀಳಲಿಲ್ಲ.